ವಾಸನೆಯಿಲ್ಲದ ಸೋಪು

ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಎರಡು ಸೋಪುಗಳಿವೆ. ಒಂದು ಅಮ್ಮನದು, ಗಂಧದ ಬಣ್ಣದ್ದು, ಮೂಲೆಗಳೆಲ್ಲ ಸವೆದು ಅಂಗೈಯ ಆಕಾರಕ್ಕೆ ಬಂದಿರುವಂಥದ್ದು. ಇನ್ನೊಂದು ನನ್ನದು, ಆಸ್ಪತ್ರೆಯ ಗೋಡೆಯಂತೆ ಬಿಳುಚಿಕೊಂಡದ್ದು, ಮೂಗಿಗೆ ಹಿಡಿದರೆ ಯಾವ ವಾಸನೆಯೂ ಬಾರದ್ದು. ಕೈ ತೊಳೆಯಲು ಹೋದ ನೆಂಟರು ತಪ್ಪಿ ನನ್ನದನ್ನು ಹಿಡಿದರೆ, ಇದೇನು ಹಳೇ ಸೋಪೇ ಎಂದು ಕೇಳುತ್ತಾರೆ. ಸೋಪಿನ ಕಥೆ ಹೇಳಬೇಕಾದರೆ ನನ್ನ ಉದ್ಯೋಗದ ಕಥೆಯನ್ನೂ ಹೇಳಬೇಕು, ಅದನ್ನು ಹೇಳಹೊರಟರೆ ಸಿಟ್ಟು ಬರುತ್ತದೆ. ಆದ್ದರಿಂದ ನೆಂಟರ ಮುಂದೆ ಸುಮ್ಮನಿರುತ್ತೇನೆ. ನಿಮ್ಮ ಮುಂದೆ ಸುಮ್ಮನಿರಲು ಕಾರಣವಿಲ್ಲ.

ನಾನು ಮೂಳೆಗಳೊಳಗೆ ಉಳಿದಿರಬಹುದಾದ ಹಳೆಯ ಡಿಎನ್‌ಎಯನ್ನು ಹುಡುಕುವವಳು. ಮೊನ್ನೆ ಮೊನ್ನೆ ಸತ್ತ ಪ್ರಾಣಿಗಳದ್ದಲ್ಲ, ವಂಶವೇ ಅಳಿದು, ಹೆಸರಿಟ್ಟು ಕರೆಯುವವರೂ ಇಲ್ಲದಂತಾದ ಪ್ರಾಣಿಗಳದ್ದು. ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಹಿಂಬದಿಯಲ್ಲಿರುವ ಪ್ರಯೋಗಾಲಯಕ್ಕೆ ಮಹದೇವಪುರದ ಕಡೆಯ ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹಳ್ಳಿ ಎಂದೆ, ಈಗ ಸುತ್ತಲೂ ಅಪಾರ್ಟ್‌ಮೆಂಟುಗಳೆದ್ದು, ನಡುವೆ ನಾವು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಉಳಿದಿದ್ದೇವೆ. ನಮ್ಮ ಬೀದಿಯವರಿಗೆ ನಾನು ಮೂಳೆ ಡಾಕ್ಟರು. ಮಂಡಿನೋವು ಬಂದವರು ಈಗಲೂ ಜಗಲಿಯ ಮೇಲೆ ಬಂದು ಕೂರುತ್ತಾರೆ, ಕಾಲು ಚಾಚುತ್ತಾರೆ. ಮೊದಮೊದಲು ನಗು ಬರುತ್ತಿತ್ತು. ಈಗ ಒಂದು ಮುಲಾಮಿನ ಹೆಸರು ಹೇಳಿ ಕಳಿಸುತ್ತೇನೆ.

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಅಪ್ಪ ಬೇಗ ಹೋದರು, ಹಸು ಉಳಿಯಿತು. ಅಮ್ಮ ಕರೆದ ಹಾಲಿನಿಂದಲೇ ನಾನು ಓದಿದ್ದು, ಹಾಗಾಗಿ ನನ್ನ ಸರ್ಟಿಫಿಕೇಟುಗಳನ್ನು ಹಿಂಡಿದರೆ ಹಾಲು ಬಂದೀತು. ನಾನು ಕಂಡ ಮೊದಲ ವಿಜ್ಞಾನಿಯೂ ನಮ್ಮ ಕೊಟ್ಟಿಗೆಗೇ ಬಂದವರು. ಬೈಕಿನ ಹಿಂದೆ ದಪ್ಪ ಕ್ಯಾನು ಕಟ್ಟಿಕೊಂಡು, ನಾಟಿ ಹಸುಗಳಿಗೆ ಸೀಮೆ ಹೋರಿಯ ವೀರ್ಯದ ಸೂಜಿ ಕೊಡಲು ಬರುತ್ತಿದ್ದರು. ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತಿತ್ತು. ಬೆಂಕಿಯಿಲ್ಲದೆ ಏಳುವ, ಮುಟ್ಟಿದರೆ ತಣ್ಣಗೆ ಕೊರೆಯುವ ಹೊಗೆ. ಒಂದು ಹೋರಿಯ ಮುಂದಿನ ಸಂತಾನವೆಲ್ಲ ಆ ಹೊಗೆಯೊಳಗೆ ನಿದ್ದೆ ಮಾಡುತ್ತಿದೆ ಎಂದು ಅವರು ಹೇಳಿದಾಗ ನನ್ನ ತಲೆಯಲ್ಲಿ ಏನೋ ಹೊತ್ತಿಕೊಂಡಿತು. ಅದು ಇನ್ನೂ ಆರಿಲ್ಲ.

ಹಳೆಯ ಡಿಎನ್‌ಎಯ ಕೋಣೆಯನ್ನು ಮಡಿಯ ಕೋಣೆ ಎನ್ನಬಹುದು. ಹೂ ಮುಡಿಯುವಂತಿಲ್ಲ, ತಲೆಗೆ ಎಣ್ಣೆ ಹಚ್ಚುವಂತಿಲ್ಲ, ವಾಸನೆಯಿಲ್ಲದ ಸೋಪಿನಲ್ಲಿ ಮಿಂದು, ಕಣ್ಣು ಮಾತ್ರ ಕಾಣುವಂತೆ ಮೈಮುಚ್ಚಿಕೊಂಡು, ಗ್ಲೌಸಿನ ಮೇಲೆ ಗ್ಲೌಸು ತೊಟ್ಟು ಒಳಹೋಗಬೇಕು. ಅಂದು ಬೇರೆಲ್ಲಾದರೂ ಹಸಿ ರಕ್ತ ಮುಟ್ಟಿದ್ದರೆ ಒಳಗೆ ಬರುವ ಮಾತೇ ಇಲ್ಲ. ಯಾಕೆಂದರೆ ಹಳೆಯ ಮೂಳೆಯಲ್ಲಿ ಉಳಿದಿರುವುದು ಚೂರುಚೂರಾದ ಪಿಸುಮಾತು. ಬದುಕಿರುವ ಪ್ರಾಣಿಯ ಒಂದು ಕೂದಲೆಳೆ ಬಿದ್ದರೂ ಸಂತೆಯ ಗದ್ದಲ ಅದನ್ನು ಮುಚ್ಚಿಬಿಡುತ್ತದೆ. ನನಗೆ ಈ ಮಡಿ ಇಷ್ಟವಾಗಿತ್ತು. ನನ್ನ ಅಜ್ಜಿ ಹಾಲು ಹಾಕುತ್ತಿದ್ದ ಕೆಲವು ಮನೆಗಳಲ್ಲಿ ಹಾಲು ಒಳಗೆ ಹೋಗುತ್ತಿತ್ತು, ಅಜ್ಜಿ ಹೊರಗೆ ನಿಲ್ಲುತ್ತಿದ್ದಳು. ಇಲ್ಲಿನ ಮಡಿಗೆ ಯಾರ ಮನೆ, ಯಾರ ಮಗಳು ಎಂಬುದು ಬೇಕಿಲ್ಲ, ಮಿಂದವರೆಲ್ಲ ಸಮ ಎಂದು ನಾನು ನಂಬಿದ್ದೆ. ಎಷ್ಟು ಹೆಮ್ಮೆಯಿಂದ ನಂಬಿದ್ದೆನೆಂದರೆ, ಆ ಬಿಳಿ ಸೋಪನ್ನು ಮೊದಲ ದಿನ ಅಮ್ಮನಿಗೆ ಪದಕದಂತೆ ತೋರಿಸಿದ್ದೆ.

ಆಗ ನಮ್ಮ ಕೈಲಿದ್ದದ್ದು ಕೃಷ್ಣಾ ತೀರದ ಮರಳಿನಲ್ಲಿ ಸಿಕ್ಕ ಒಂದು ಮೂಳೆ. ನಮ್ಮ ಇಂದಿನ ನಾಟಿ ದನಗಳ ಪೂರ್ವಜನಾಗಿ, ಈ ನೆಲದಲ್ಲಿ ಓಡಾಡಿ ನಿರ್ನಾಮವಾದ ಕಾಡೆತ್ತಿನದು ಎಂದು ನಮ್ಮ ಅಂದಾಜು. ನಮ್ಮ ಸೆಕೆಯಲ್ಲಿ ಹಳೆಯ ಡಿಎನ್‌ಎ ಉಳಿಯುವುದೇ ಅಪರೂಪ. ಹಾಗಿರುವಾಗ, ಮೂಳೆಯ ಪುಡಿಯಿಂದ ದನದ ಜಾತಿಯ ಡಿಎನ್‌ಎ ಬಂದೇಬಿಟ್ಟಿತು ಎಂದಾಗ ನಾವೆಲ್ಲ ಮೈಸೂರ್ ಪಾಕ್ ಹಂಚಿ ತಿಂದೆವು. ಡಬ್ಬಿ ಖಾಲಿಯಾಗುವ ಮೊದಲೇ ಖುಷಿ ಖಾಲಿಯಾಯಿತು. ಪ್ರತಿ ಸಲ ಮೂಳೆಪುಡಿಯ ಕೊಳವೆಗಳ ಜೊತೆ ಏನೂ ಹಾಕದ ಒಂದು ಕೊಳವೆಯನ್ನೂ ಇಡುತ್ತೇವೆ. ಅದು ನಮ್ಮ ಕಾವಲುಗಾರ. ಆ ಬರಿಗೊಳವೆಯಲ್ಲೂ ಹಸು ಕಾಣಿಸಿಕೊಂಡಿತ್ತು. ಅದೂ ನಮ್ಮ ನಾಡಿನ ಹಸುವಲ್ಲ, ಯುರೋಪಿನ ಸೀಮೆ ಹಸು. ಅಂದರೆ ಹೊರಗಿನ ಹಸುವೊಂದು ನಮ್ಮ ಮಡಿಕೋಣೆಗೆ ನುಗ್ಗಿತ್ತು.

ಮೀಟಿಂಗಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಕೇಳಿದ್ದು ಒಂದೇ ಪ್ರಶ್ನೆ.

"ಯಾರ ಮನೇಲಿ ಹಸು ಇದೆ?"

ಅವರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ನಮ್ಮ ಗೌರಿ ಕರು ಹಾಕಿದಾಗ ನಾನು ತಂದ ಗಿಣ್ಣನ್ನು ಆ ಮೇಜಿನ ಸುತ್ತ ಕೂತೇ ಎಲ್ಲರೂ ಚಪ್ಪರಿಸಿದ್ದರು. ಗೌರಿ ಕಪ್ಪು ಬಿಳಿ ಮಚ್ಚೆಯ ಹಸು ಎಂಬುದೂ ನನ್ನ ಫೋನಿನ ಫೋಟೋದಿಂದ ಅವರಿಗೆ ಗೊತ್ತು. ನಾನು ಕೈ ಎತ್ತಿದೆ. ಮುಖ್ಯಸ್ಥರು ಮೃದುವಾಗಿ, ತಿಳಿಹೇಳುವವರಂತೆ ಹೇಳಿದರು: "ಪರ್ಸನಲ್ ಆಗಿ ತಗೋಬೇಡಿ. ನಿಮ್ಮ ಬ್ಯಾಕ್‌ಗ್ರೌಂಡ್‌ನಲ್ಲಿ ಇದೆಲ್ಲ ನ್ಯಾಚುರಲ್. ನಿಮಗೇ ಗೊತ್ತಾಗಲ್ಲ, ಮೈಗೆ ಅಂಟ್ಕೊಂಡಿರುತ್ತೆ."

ಅಂಟಿಕೊಂಡಿರುತ್ತದೆ. ಆ ಮಾತು ಹಸುವಿನ ಬಗ್ಗೆ ಶುರುವಾಗಿ ಎಲ್ಲೆಲ್ಲಿಗೆ ಹೋಗಿ ನಿಂತಿತೆಂದು ನೀವೇ ಯೋಚಿಸಿ. ನಾನು ಕೇಳಿದೆ: "ಸಾರ್, ನಿಮ್ಮ ವಾಚಿನ ಪಟ್ಟಿ ಯಾವ ಚರ್ಮದ್ದು?"

ಅವರು ಅಂಗಿಯ ತೋಳನ್ನು ವಾಚಿನ ಮೇಲೆ ಎಳೆದುಕೊಂಡರು. ಆ ಕೋಣೆಯಲ್ಲಿ ಚರ್ಮದ ಬೆಲ್ಟು, ಚರ್ಮದ ಪರ್ಸು, ಬೆಳಗಿನ ತುಪ್ಪದ ದೋಸೆ, ಕೈಯಲ್ಲಿ ಹಾಲಿನ ಕಾಫಿ ಇಲ್ಲದವರು ಯಾರಿದ್ದರು? ಹಸುವಿನಿಂದ ಬಂದದ್ದೆಲ್ಲ ಎಲ್ಲರ ಮೈಮೇಲೂ ಇತ್ತು. ಹಸುವನ್ನು ಕಟ್ಟುವ ಗೂಟ ಮಾತ್ರ ನನ್ನ ಮನೆಯಲ್ಲಿತ್ತು. ಮರುದಿನ ಮಡಿಕೋಣೆಯ ಬಾಗಿಲಿಗೆ ಚೀಟಿ ಅಂಟಿತ್ತು: ಮನೆಯಲ್ಲಿ ಜಾನುವಾರು ಸಾಕಿರುವ ಸಿಬ್ಬಂದಿಗೆ ಮುಂದಿನ ಸೂಚನೆಯವರೆಗೆ ಪ್ರವೇಶವಿಲ್ಲ. ಆ ಚೀಟಿಯಲ್ಲಿ ನನ್ನ ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಮಡಿಕೋಣೆಗೆ ಹೋಗದ ನನ್ನಂಥವಳು ಆ ಕೆಲಸದಲ್ಲಿ ಬಹಳ ಕಾಲ ಉಳಿಯುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ನನ್ನ ಜೊತೆ ಕೆಲಸ ಮಾಡುವ ನವೀನ ಸಮಾಧಾನ ಮಾಡಲು, "ಬಿಡು ಗುರು, ನಿಮ್ಮ ಗೌರಿ ಜರ್ನಲ್‌ನಲ್ಲಿ ಬರೋ ಹಂಗಿದ್ದಾಳೆ" ಎಂದ. ನಾನು ನಗಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳಬಾರದೆಂದುಕೊಂಡರೂ ಮುಖ ಹೇಳಿಬಿಟ್ಟಿತು.

"ಅಂಗಂದ್ರೆ ನಮ್ ಗೌರಿ ವಾಸ್ನೆ ನಿನ್ ಕೆಲ್ಸ ಕಿತ್ಕತದಾ?"

"ವಾಸನೆ ಅಲ್ಲಮ್ಮ. ಕಣ್ಣಿಗೆ ಕಾಣದಿರೋದು."

"ಕಣ್ಗೆ ಕಾಣ್ದೆ ಇರೋದು ನಮ್ಮನೇದೇ ಅಂತ ಅವ್ರಿಗೆಂಗ್ ಗೊತ್ತಾಯ್ತು?"

ಅದೇ ಪ್ರಶ್ನೆಯನ್ನು ನಾನು ವಿಜ್ಞಾನದ ಭಾಷೆಯಲ್ಲಿ ಕೇಳಬೇಕಿತ್ತು. ಪ್ರತಿ ಜೀವಕೋಶದಲ್ಲೂ ತಾಯಿಯಿಂದ ಮಾತ್ರ ಇಳಿದುಬರುವ ಡಿಎನ್‌ಎಯ ಪುಟ್ಟ ಉಂಗುರವೊಂದಿದೆ; ಹಳೆಯ ಮೂಳೆಯಲ್ಲಿ ನಾವು ಮೊದಲು ಹುಡುಕುವುದು ಅದನ್ನೇ, ಬರಿಗೊಳವೆಯಲ್ಲಿ ಸಿಕ್ಕದ್ದೂ ಅದೇ. ಗೌರಿಯ ಬಣ್ಣ ಕ್ಯಾನಿನಲ್ಲಿ ಬಂದ ಸೀಮೆ ಹೋರಿಯದು, ನಿಜ. ಆದರೆ ಗೌರಿಯ ತಾಯಿ ನಮ್ಮ ಕೊಟ್ಟಿಗೆಯ ಲಕ್ಷ್ಮಿ, ಲಕ್ಷ್ಮಿಯ ತಾಯಿ ಡುಬ್ಬದ ನಾಟಿ ಹಸು ಕೆಂಪಿ. ಹೋರಿ ಎಷ್ಟೇ ದೂರದಿಂದ ಬರಲಿ, ತಾಯಿಯ ಉಂಗುರವನ್ನು ಬದಲಿಸಲಾರದು. ಮೈಮೇಲೆ ಯುರೋಪು ಬರೆದಿದ್ದರೂ ಗೌರಿಯ ಒಳಗಿನ ಉಂಗುರ ಕೆಂಪಿಯದೇ ಇರಬೇಕು. ಇದನ್ನು ಓದಿ ಪಾಸಾದವರೇ ಆ ಮೇಜಿನ ಸುತ್ತ ಕೂತಿದ್ದರು. ಆದರೆ ಹಸುವಿನ ಮಚ್ಚೆ ನೋಡಿ ತೀರ್ಪು ಕೊಟ್ಟರು, ನನ್ನ ಊರು ನೋಡಿ ತೀರ್ಪು ಕೊಟ್ಟಂತೆಯೇ.

ಅಷ್ಟರಲ್ಲಿ ಅಮ್ಮ ತನ್ನ ತೀರ್ಮಾನ ಮಾಡಿಬಿಟ್ಟಿದ್ದಳು. ಮಾಲೂರಿನ ಕಡೆ ಇರುವ ಚಿಕ್ಕಮ್ಮನಿಗೆ ಫೋನು ಮಾಡಿ, ಗೌರಿಯನ್ನೂ ಕರುವನ್ನೂ ಅಲ್ಲಿಗೆ ಕಳಿಸಲು ಟೆಂಪೋ ಕರೆಸಿದ್ದಳು. ಬೇಡ, ಸ್ವಲ್ಪ ತಡಿ ಎಂದು ಬೇಡಿಕೊಂಡೆ. ಕೇಳಲಿಲ್ಲ. "ಅಸ ಇನ್ನೊಂದ್ ಕಟ್ಬೋದು. ನಿನ್ನಂಗೆ ಓದಿರೋಳ್ನ ಎಲ್ಲಿಂದ ತರ್ಲಿ?" ಎಂದಳು. ಟೆಂಪೋದ ಹಲಗೆ ಹತ್ತಲು ಗೌರಿ ಹಿಂಜರಿದಳು. ಕರುವನ್ನು ಮೊದಲು ಹತ್ತಿಸಿದ ಮೇಲೆ ತಾನೇ ಹತ್ತಿದಳು. ಆ ಗಡಿಬಿಡಿಯಲ್ಲಿ ನಾನು ಅವಳ ಬಾಲದ ಕೆಲವು ಕೂದಲನ್ನು ಬೇರುಸಮೇತ ಕಿತ್ತು ಕವರಿನಲ್ಲಿಟ್ಟುಕೊಂಡೆ. ಅವಳು ಕತ್ತು ತಿರುಗಿಸಿ ನನ್ನನ್ನೊಮ್ಮೆ ನೋಡಿದಳು. ಬದುಕಿರುವ ಪ್ರಾಣಿಯನ್ನು ಸಾಕ್ಷಿಗೆ ಎಳೆದದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ. ಎಳೆಯುವಂತೆ ಮಾಡಿದವರ ಮೇಲೆ ಮೈಯೆಲ್ಲ ಉರಿಯಿತು.

ಪಕ್ಕದ ಕಟ್ಟಡದ ಸಾಮಾನ್ಯ ಲ್ಯಾಬಿನಲ್ಲಿ ಆ ಕೂದಲನ್ನು ಓದಿಸಿದೆ. ಕೆಂಪಿಯ ಉಂಗುರವೇ. ಅಪ್ಪಟ ನಾಟಿ. ಹಾಗಾದರೆ ಕೋಣೆಗೆ ನುಗ್ಗಿದ ಹಸು ಯಾವುದು? ನಾವು ದಿನವೂ ಮುಟ್ಟುವ ವಸ್ತುಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡುತ್ತ ಹೋದಾಗ ಫ್ರೀಜರಿನ ಒಂದು ಬಾಟಲಿಯ ಹತ್ತಿರ ಬಂದು ನಿಂತೆ. ಮೂಳೆಯೊಳಗಿನ ಕೊಳೆ ನಮ್ಮ ಪರೀಕ್ಷೆಗೆ ಅಡ್ಡಬಾರದಂತೆ ಪ್ರತಿ ಕೊಳವೆಗೂ ಅದರಿಂದ ಒಂದು ಹನಿ ಹಾಕುತ್ತೇವೆ. ವಿದೇಶದಿಂದ ಬರುವ ಬಾಟಲಿ. ಹಸುವಿನ ರಕ್ತದಿಂದ ತೆಗೆದ ಪ್ರೋಟೀನು, ಆ ಹಸುವಿನ ಡಿಎನ್‌ಎಯ ಚೂರೂ ಜೊತೆಗೆ ಬಂದಿರಬಹುದು. ಹಸುವಿನದು ಎಂದು ಲೇಬಲ್ಲಿನ ಮೇಲೆ ಬರೆದೇ ಇದೆ. ನನ್ನನ್ನೂ ಸೇರಿಸಿ ನಾವೆಲ್ಲರೂ ಅದನ್ನು ದಿನವೂ ಓದಿ, ಅದು ರಾಸಾಯನಿಕ ಎಂದುಕೊಂಡಿದ್ದೆವು. ಗಾಜಿನ ಬಾಟಲಿಯಲ್ಲಿ, ವಿಮಾನದಲ್ಲಿ ಬಂದರೆ ಹಸು ಹಸುವಾಗಿ ಉಳಿಯುವುದಿಲ್ಲ ನೋಡಿ. ನನಗೆ ಪ್ರವೇಶವಿಲ್ಲದ್ದರಿಂದ ನವೀನ ಒಳಹೋಗಿ, ಆ ಹನಿ ಹಾಕಿ ಒಂದು ಸಲ, ಹಾಕದೆ ಒಂದು ಸಲ ಬರಿಗೊಳವೆಗಳನ್ನೂ ಮೂಳೆಪುಡಿಯ ಕೊಳವೆಗಳನ್ನೂ ಪರೀಕ್ಷೆಗೆ ಓಡಿಸಿದ. ಹಾಕಿದರೆ ಹಸು; ಹಾಕದಿದ್ದರೆ ಏನೂ ಇಲ್ಲ. ಕಾಡೆತ್ತಿನ ಮೂಳೆಯಲ್ಲೂ ಏನೂ ಇಲ್ಲ.

ಮುಖ್ಯಸ್ಥರು ಎರಡೂ ಫಲಿತಾಂಶ ನೋಡಿ "ಗುಡ್ ಕ್ಯಾಚ್" ಎಂದರು. ಸಂಜೆ ಎಲ್ಲರಿಗೂ ಒಂದು ಸಾಲಿನ ಮೇಲ್ ಬಂತು: ಕಲಬೆರಕೆಯ ಸಮಸ್ಯೆ ಬಗೆಹರಿದಿದೆ. ಎಲ್ಲಿಂದ ಬಂದಿತ್ತು, ಯಾರ ಮೇಲೆ ಹೊರಿಸಿದ್ದೆವು, ಒಂದು ಅಕ್ಷರವಿಲ್ಲ. ಆಪಾದನೆಗೆ ಮೀಟಿಂಗು, ಖುಲಾಸೆಗೆ ಮೇಲು. ಮರುದಿನ ಅವರೇ ಬಂದು, ಒಳಗೆ ಕೆಲಸ ಶುರುಮಾಡಿ ಎಂದಾಗ ನಾನು ಬಾಗಿಲ ಹೊರಗೇ ನಿಂತೆ.

"ಆ ಚೀಟಿ ತೆಗೀರಿ ಸಾರ್. ಅಂಟಿಸಿದವರೇ ತೆಗೀಬೇಕು."

"ಇಷ್ಟು ಸಣ್ಣ ವಿಷಯಕ್ಕೆ..." ಎಂದು ಶುರುಮಾಡಿದವರು ಅತ್ತಿತ್ತ ನೋಡಿದರು. ಸುತ್ತ ಜನವಿದ್ದರು. ಉಗುರಿನಿಂದ ಕೆರೆದು ಕೆರೆದು ತೆಗೆದರು. ಅಂಟು ಇನ್ನೂ ಬಾಗಿಲ ಮೇಲೆ ಚೌಕಾಕಾರವಾಗಿ ಉಳಿದಿದೆ. ಧೂಳು ಕೂತು ದಿನದಿನಕ್ಕೆ ಕಪ್ಪಾಗುತ್ತಿದೆ.

ಗೆದ್ದೆ ಎಂದುಕೊಂಡು ಮನೆಗೆ ಹೋಗಿ, ಅಮ್ಮನಿಗೆ ಬಾಟಲಿಯ ಕಥೆ ಹೇಳಿ, ಗೌರಿಯನ್ನು ಕರೆತರೋಣ ಎಂದೆ. ಅಮ್ಮ ಕೊಟ್ಟಿಗೆಯ ಗೋಡೆಗೆ ಒರಗಿ, ಖಾಲಿ ಗೂಟವನ್ನು ಕಾಲಿನಿಂದ ಅಲ್ಲಾಡಿಸಿದಳು. ಆಮೇಲೆ ಹೇಳಿದಳು: "ಬ್ಯಾಡ ಬುಡು. ಇವತ್ತು ಬಾಟ್ಲಿ ಸಿಕ್ತು, ನೀನ್ ಉಳ್ಕಂಡೆ. ನಾಳಿಕ್ ಇನ್ನೇನೋ ಆದ್ರೆ ಅವ್ರು ಮೊದ್ಲು ನೋಡೋದು ನಮ್ ಕೊಟ್ಗೇನೇ."

ಗೌರಿ ಚಿಕ್ಕಮ್ಮನ ಮನೆಯಲ್ಲೇ ಉಳಿದಳು. ಕೊಟ್ಟಿಗೆಗೆ ಸಿಮೆಂಟು ಹಾಕಿಸಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದ ಗಂಡ ಹೆಂಡತಿಗೆ ಬಾಡಿಗೆಗೆ ಕೊಟ್ಟೆವು. ನಮ್ಮ ಬೀದಿಯಲ್ಲಿ ಉಳಿದಿದ್ದ ಕೊನೆಯ ಹಸು ಗೌರಿ. ಪ್ರಾಣಿಗಳು ನಿರ್ನಾಮವಾಗುವುದು ಹೇಗೆಂದು ಜನ ನನ್ನನ್ನು ಕೇಳುತ್ತಾರೆ. ಬರಗಾಲ, ಬೇಟೆ, ರೋಗ ಎಂದೆಲ್ಲ ಹೇಳುತ್ತೇನೆ. ಒಂದು ಟೆಂಪೋ, ಒಂದು ಚೀಟಿ, ಮಗಳ ಕೆಲಸದ ಮೇಲೆ ಒಬ್ಬ ತಾಯಿಯ ಭಯ ಎಂದು ಇನ್ನೂ ಯಾವ ಭಾಷಣದಲ್ಲೂ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಮೂಳೆಯಲ್ಲಷ್ಟೇ ಅಲ್ಲ, ಪ್ರಾಣಿ ಮಲಗಿ ಎದ್ದ ಮಣ್ಣಿನಲ್ಲೂ ಅದರ ಡಿಎನ್‌ಎ ಉಳಿಯಬಲ್ಲದು. ಕೆಂಪಿ, ಲಕ್ಷ್ಮಿ, ಗೌರಿ ಮೂವರೂ ಆ ಸಿಮೆಂಟಿನ ಕೆಳಗಿನ ಮಣ್ಣಿನಲ್ಲಿದ್ದಾರೆ. ಮುಂದೆಂದೋ ನನ್ನಂಥ ಇನ್ನೊಬ್ಬಳು ಅದನ್ನು ಕೊರೆದು, ಒಂದೇ ಉಂಗುರದ ಹಸುಗಳು ಇಲ್ಲಿದ್ದವು, ಆಮೇಲೆ ಇದ್ದಕ್ಕಿದ್ದಂತೆ ಇಲ್ಲವಾದವು ಎಂದು ಬರೆಯಬಹುದು. ಯಾಕೆ ಇಲ್ಲವಾದವು ಎಂಬುದನ್ನು ಮಣ್ಣು ಹೇಳುವುದಿಲ್ಲ.

ಬೆಳಿಗ್ಗೆ ಈಗಲೂ ಆ ಬಿಳಿ ಸೋಪನ್ನೇ ಹಿಡಿಯುತ್ತೇನೆ. ಮೊದಲು ಅದರಿಂದ ಗೌರಿಯ ಕತ್ತಿನಡಿ ಜೋಲುವ ಗಂಗೆದೊಗಲಿನ ಬಿಸುಪನ್ನೂ ಹುಲ್ಲಿನ ಚೂರನ್ನೂ ತೊಳೆದುಕೊಂಡು ಹೋಗುತ್ತಿದ್ದೆ. ಈಗ ತೊಳೆಯಲು ಕೈಮೇಲೆ ಏನೂ ಇರುವುದಿಲ್ಲ. ಆದರೂ ನಿಯಮ ನಿಯಮವೇ, ಮೊಣಕೈವರೆಗೆ ಉಜ್ಜುತ್ತೇನೆ. ಸಂಜೆ ಮನೆಗೆ ಬಂದ ಮೇಲೆ ಮಾತ್ರ ಅಮ್ಮನ ಸೋಪು ತೆಗೆದುಕೊಳ್ಳುತ್ತೇನೆ, ದಿನವಿಡೀ ಆ ಕೋಣೆಯಿಂದ ನನ್ನ ಮೈಗೆ ಅಂಟಿದ್ದು ಹೋಗಲಿ ಎಂದು.