ಆಯಿಲ್ ಕುಡಿದ ನೆಲ

ಕಮಲಾಪುರದ ನಮ್ಮ ಬಾಳೆ ತೋಟದ ಬಾವಿ ಪಕ್ಕದಲ್ಲಿ ಒಂದು ಕರಿ ಜಾಗವಿತ್ತು. ಅಪ್ಪನ ಕಾಲದ ಡೀಸೆಲ್ ಎಂಜಿನ್ ಇದ್ದದ್ದು ಅಲ್ಲೇ. ವರ್ಷಾನುಗಟ್ಟಲೆ ಸೋರಿದ ಡೀಸೆಲ್, ರಿಪೇರಿಗೆಂದು ಬಿಚ್ಚಿದಾಗಲೆಲ್ಲ ಚೆಲ್ಲಿದ ಕರಿ ಆಯಿಲ್, ಎಲ್ಲವನ್ನೂ ಆ ನೆಲ ಕುಡಿದಿತ್ತು. ಕರೆಂಟಿನ ಮೋಟರ್ ಬಂದು ಎಂಜಿನ್ ಗುಜರಿಗೆ ಹೋದ ಮೇಲೂ ಅಲ್ಲಿ ಕರಿಕೆ ಹುಲ್ಲು ಕೂಡ ಹುಟ್ಟಲಿಲ್ಲ. ಸುತ್ತ ಕೆಂಪು ಬಾಳೆ ಗೊನೆ ಬಿಟ್ಟು ಬಾಗಿದ್ದರೆ ನಡುವೆ ಇದೊಂದು ಬೋಳು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ನನಗೆ ಕೊಟ್ಟ ಪಾಲು ಅದೇ.

ಅದನ್ನಾದರೂ ಸುಮ್ಮನೆ ಕೊಡಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ, ಹೋಳಿಗೆ ಉಣಿಸಿ, ಹೊಸ ಸೀರೆ ಉಡಿಸಿ, ಉಡಿ ತುಂಬಿ, ಅದೇ ಸಡಗರದಲ್ಲಿ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನಾನು ಹೋಳಿಗೆ ತಿಂದೆ, ಸೀರೆ ಉಟ್ಟೆ, ಪೆನ್ನು ಮುಟ್ಟಲಿಲ್ಲ. ಕಲಬುರಗಿಯಲ್ಲಿ ಕಾಲೇಜಿನ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುವವಳಿಗೆ ಹೊಲದ ಗರಜೇನು ಎಂದು ಎಲ್ಲರೂ ಕೇಳಿದರು. ಗರಜಿನ ಮಾತಲ್ಲ. ನಾನೂ ಅದೇ ಅಪ್ಪನಿಗೆ ಹುಟ್ಟಿದವಳು.

ಅಣ್ಣನ ಸಿಟ್ಟು ನೆತ್ತಿಗೇರಿತು. "ತಗೋ, ಬಾವಿ ಬಾಜು ಜಾಗ ನಿಂದು. ಎಳ್ಳ ಅಮಾಸಿ ತನಕ ಅದರಾಗ ಏನಾರ ಬೆಳದು ತೋರ್ಸು. ಆಗ್ಲಿಲ್ಲಂದ್ರ ಸುಮ್ನ ಸಹಿ ಹಾಕು. ಮತ್ತ ಪಾಲಿನ ಮಾತ ಎತ್ತಬ್ಯಾಡ," ಅಂದ. ಕೂತಿದ್ದ ನೆಂಟರೆಲ್ಲ ನಕ್ಕರು. ಆಗಲಿ ಅಂದೆ.

ನಗಲಿ ಬಿಡಿ. ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಚಿಪ್ಪಣಬೆ ಬೆಳೆಯುತ್ತಿತ್ತು. ನಂದೂರಿನ ದಾಲ್ ಮಿಲ್ಲಿನಿಂದ ತರುವ ತೊಗರಿ ಹೊಟ್ಟು, ಜೋಳದ ಒಣ ದಂಟಿನ ಕಣಿಕೆ ತುಂಬಿದ ಚೀಲಗಳಲ್ಲಿ ನಾನೇ ಬೆಳೆಸುತ್ತಿದ್ದೆ. ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬುದನ್ನು ಒಡೆಯುವುದು ಎಲ್ಲ ಜೀವಿಗಳ ಕೈಲಿ ಆಗುವುದಿಲ್ಲ. ಈ ಅಣಬೆಯ ಕೈಲಿ ಆಗುತ್ತದೆ. ಇದರ ಬಿಳಿ ಎಳೆಗಳು ಒಳಹೊಕ್ಕು ರಸ ಬಿಟ್ಟರೆ ಕಟ್ಟಿಗೆ ಬೆಳ್ಳಗಾಗಿ, ಮೆತ್ತಗಾಗಿ ಕೊಳೆಯುತ್ತದೆ. ಅದಕ್ಕೇ ಇವುಗಳಿಗೆ ಬಿಳಿ ಕೊಳೆತದ ಶಿಲೀಂಧ್ರ ಎಂಬ ಹೆಸರು. ಆ ರಸಕ್ಕೆ ಮಡಿ ಮೈಲಿಗೆ ಇಲ್ಲ. ಕಟ್ಟಿಗೆಯನ್ನು ಒಡೆಯುವ ಹಾಗೆಯೇ ಡೀಸೆಲನ್ನೂ ಆಯಿಲನ್ನೂ ಒಡೆಯುತ್ತದೆ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ, ಮಾಡಿ ನೋಡಿರಲಿಲ್ಲ.

ಮಳೆ ಹಿಡಿದ ಮೇಲೆ, ಅಣಬೆ ಕಿತ್ತು ಉಳಿದ ಚೀಲಗಳನ್ನು ಟೆಂಪೋದಲ್ಲಿ ಹೇರಿಕೊಂಡು ಹೋದೆ. ನೆಲ ಅಗೆಸಿ, ಬಿಳಿ ಎಳೆ ಹಿಡಿದಿದ್ದ ಹೊಟ್ಟನ್ನು ಮಣ್ಣಿಗೆ ಬೆರೆಸಿ, ನೀರು ಹೊಡೆದು, ಮೇಲೆ ಬಾಳೆ ಎಲೆ ಮುಚ್ಚಿದೆ. ಕೆಲವೇ ವಾರಗಳಲ್ಲಿ ಮಣ್ಣಿನೊಳಗೆಲ್ಲ ಬಿಳಿ ಎಳೆ ಹರಡಿತ್ತು. ಖುಷಿಗೆ ಬಾವಿಕಟ್ಟೆಯ ಮೇಲೆ ಕೂತು ಒಬ್ಬಳೇ ನಕ್ಕೆ.

ಆಮೇಲೆ ಕಾಲೇಜಿನ ಪರೀಕ್ಷೆ ಬಂದು ನಾನು ಕಲಬುರಗಿಯಲ್ಲೇ ಸಿಕ್ಕಿಕೊಂಡೆ. ತಿರುಗಿ ಹೋದಾಗ ನನ್ನ ಹೊಟ್ಟು, ಮಣ್ಣು ಎಲ್ಲವೂ ತಾಡಪತ್ರಿಯ ಮೇಲೆ ಬಿಸಿಲು ಕಾಯುತ್ತ ಬಿದ್ದಿತ್ತು. ನಮ್ಮದು ನೆಹರು ಗಂಜ್ ಮಾರುಕಟ್ಟೆಗೆ ತೊಗರಿ ಹಾಕುವ ಮನೆ. ಅಲ್ಲಿ ಕಾಳನ್ನು ಹಲ್ಲಲ್ಲಿ ಕಡಿದು, ಕಟ್ ಎಂದರೆ ಮಾತ್ರ ಒಪ್ಪುತ್ತಾರೆ. ತೇವವೆಂದರೆ ಅಣ್ಣನ ಜೀವ ಬಾಯಿಗೆ ಬರುತ್ತದೆ. ಅವನೇ ಎಲ್ಲ ಕೆದರಿ ತೆಗೆದು, ತೊಗರಿಯಂತೆ ಹರವಿ, ಕಾಲಲ್ಲಿ ಗೀರು ಎಳೆದು ಒಣಗಿಸಿದ್ದ.

"ಬೂಷ್ಟ ಹತ್ತಿತ್ತು ತಂಗೀ. ಬಿಸಲಿಗಿ ಹಾಕಿ ಉಳಿಸೀನಿ ನೋಡು."

"ಉಳಿಸಿಲ್ಲಣ್ಣಾ, ಕೊಂದಿ. ನನಗ ಬೇಕಾಗಿದ್ದೇ ಆ ಬೂಷ್ಟ."

ಅವನ ಮುಖ ಸಣ್ಣದಾಯಿತು. ಬೇಕಂತಲೇ ಮಾಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದ, ಅದಕ್ಕೇ ಮೈಯೆಲ್ಲ ಉರಿಯಿತು. ಇನ್ನಾದರೂ ಸಹಿ ಹಾಕಿ ಮರ್ಯಾದೆ ಉಳಿಸಿಕೋ ಎಂದು ನೆಂಟರು ಫೋನು ಮಾಡಿದರು. ನನ್ನ ಮರ್ಯಾದೆಯ ಚಿಂತೆ ನಿಮಗೆ ಬೇಡ ಎಂದು ಫೋನು ಇಟ್ಟೆ.

ಅಣಬೆ ಇನ್ನೂ ಬಿಡಬೇಕಿದ್ದ ಹೊಸ ಚೀಲಗಳನ್ನೂ ಒಡೆದು ಒಯ್ದೆ. ಎರಡನೇ ಸಲ ಅಗೆಯುವಾಗ ವೈನಿ ಬಂದು ಪಕ್ಕದಲ್ಲಿ ನಿಂತಳು. ಅಣ್ಣನ ಹೆಂಡತಿ ನನ್ನೆದುರು ಬಾಯಿ ಬಿಟ್ಟು ಮಾತಾಡಿದ್ದೇ ಕಡಿಮೆ.

"ನೀವು ಊರಿಗಿ ಹೋಗ್ರಿ. ದಿನಾ ನೀರ ನಾ ಹಾಕ್ತೀನಿ. ಯಾರಿಗೂ ಮುಟ್ಟಗೊಡಂಗಿಲ್ಲ."

"ನಿನಗ್ಯಾಕ ವೈನಿ ಈ ಉಸಾಬರಿ?"

"ನಮ್ಮ ತವರಾಗ ನಾ ಸಹಿ ಹಾಕಿ ಬಂದೀನ್ರಿ," ಅಂದು ಕೊಡ ಎತ್ತಿಕೊಂಡು ಬಾವಿಗೆ ಹೋದಳು.

ಆಡಿದ ಮಾತಿನಂತೆ ನೀರು ಹಾಕಿದಳು. ಕರಿ ಮಣ್ಣಿನ ಮೇಲೆ ಅಣಬೆಗಳು ಗೊಂಚಲು ಗೊಂಚಲಾಗಿ ಎದ್ದವು. ಪಲ್ಯ ಮಾಡಲೇ ಎಂದು ಕೇಳಿದವಳಿಗೆ, ಇವು ವಿಷದ ನೆಲದಲ್ಲಿ ಎದ್ದವು, ತಿನ್ನುವಂತಿಲ್ಲ ಎಂದೆ. ಆಯಿಲಿನ ಜೊತೆ ಲೋಹದ ಚೂರೇನಾದರೂ ಇದ್ದರೆ ಅದನ್ನು ಅಣಬೆ ಅರಗಿಸಲಾರದು. ಹಾಗಾಗಿ ಆಯಿಲಿನ ನಾತ ಹೋದ ಮೇಲೂ ತಿನ್ನುವ ಬೆಳೆಯ ಆಸೆಗೆ ಬೀಳದೆ ಚೆಂಡು ಹೂವಿನ ಸಸಿ ನೆಟ್ಟೆ. ಒಂದಷ್ಟು ಸತ್ತವು. ಉಳಿದವು ಹಟ ಹಿಡಿದು ಬೆಳೆದವು.

ಎಳ್ಳ ಅಮಾವಾಸ್ಯೆಗೆ ಇಡೀ ಬಳಗ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂತು. ಭೂತಾಯಿಗೆ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡಾದ ಮೇಲೆ ಎಲ್ಲರೂ ಬಾವಿ ಕಡೆ ನಡೆದರು. ಹೂವು ಅರಳಿ ನಿಂತಿತ್ತು. ಅಣ್ಣ ಒಂದು ಹಿಡಿ ಮಣ್ಣು ತೆಗೆದು ಮೂಸಿದ, ಮತ್ತೆ ಮೂಸಿದ. ತಿನ್ನುವ ಬೆಳೆಗೆ ನೆಲ ಇನ್ನೂ ಒಗ್ಗಿಲ್ಲವೆಂದು ನಾನೇ ಹೇಳಿದೆ, ಆದರೆ ಅವನು ಹಾಕಿದ್ದ ಪಂಥ ಏನಾದರೂ ಬೆಳೆದು ತೋರಿಸು ಎಂದಷ್ಟೇ.

"ಗೆದ್ದಿ ಬಿಡು. ಆದ್ರ ಇದು ಬಾವಿ ಬಾಜು ಜಾಗ, ನನಗ ಬೇಕಾಗ್ತದ. ಗುಡ್ಡದ ಕಡಿ ಬ್ಯಾರೆ ಕೊಡ್ತೀನಿ," ಅಂದ.

"ಇದನ್ನೇ ಕೊಟ್ಟಿದ್ದಿ. ಇದೇ ನಂದು."

ಜಾಗದ ಗಡಿಯಲ್ಲಿ ನೆಡಲು ಕಲ್ಲುಗಳನ್ನು ಬೆಳಿಗ್ಗೆಯೇ ಟೆಂಪೋದಲ್ಲಿ ತಂದಿದ್ದೆ. ಗುಂಡಿ ತೋಡಿ ಅಣ್ಣನನ್ನು ಕರೆದೆ.

"ಕಲ್ಲ ಯಾಕ? ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ನಂಬಿಕಿ ಅದ. ಅದಕ್ಕೇ ಹಿಡ್ಕೊಳ್ಳಾಕ ನಿನ್ನೇ ಕರದೀನಿ. ಗಟ್ಟಿ ಹಿಡಿ."

ಬಳಗವೆಲ್ಲ ನೋಡುತ್ತ ನಿಂತಿತ್ತು. ಅಣ್ಣ ಕೂತು ಕಲ್ಲು ಹಿಡಿದ. ವೈನಿ ಮಣ್ಣು ಎಳೆದಳು, ನಾನು ಹಾರೆಯಿಂದ ಜಡಿದೆ.