ವನಜಾಕ್ಷಿಯ ಮಾತಿಗೆ ಒತ್ತಿದವರು

ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸಿನಿಮಾ ಡಿಸ್ಕು, ವಿಡಿಯೋ ಗೇಮು ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಇಬ್ಬರು ಗೆಳತಿಯರು ಸೇರಿ ನಡೆಸುತ್ತಿದ್ದ ಅಂಗಡಿ. ಒಳಗೆ ಕೂತು ವ್ಯವಹಾರ ನೋಡುತ್ತಿದ್ದವಳು ಆಶಾ; ಸ್ಕೂಟರಿನಲ್ಲಿ ಊರೂರು ಸುತ್ತುತ್ತಿದ್ದವಳು ಕೆಂಕೆರೆಯ ವನಜಾಕ್ಷಿ. ಪಿಯುಸಿಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಮದುವೆ ಮುರಿದು ಆಶಾ ತವರಿಗೆ ಬಂದು ಕೂತಾಗ, ವನಜಾಕ್ಷಿ ತಿಪಟೂರಿನ ಜೆರಾಕ್ಸ್ ಅಂಗಡಿಯ ಕೆಲಸ ಬಿಟ್ಟು, ಜೊತೆಯಾಗಿ ಏನಾದರೂ ಮಾಡೋಣ ಎಂದು ಅವಳನ್ನು ಎಬ್ಬಿಸಿದ್ದಳು.

ವನಜಾಕ್ಷಿಯನ್ನು ಕಂಡರೆ ಜನಕ್ಕೆ ಅದೇನೋ ನಂಬಿಕೆ. ಬಾಗಿಲಲ್ಲಿ ನಿಂತರೆ ಒಳಗೆ ಕರೆದು ಮಜ್ಜಿಗೆ ಕೊಡುತ್ತಿದ್ದರು. ಗೇಮ್ ಸೆಟ್ಟನ್ನು ಟಿವಿಗೆ ಜೋಡಿಸಿ, ಮಕ್ಕಳಿಗೆ ಆಟ ಕೈಹತ್ತುವ ತನಕ ಅವಳು ಅಲ್ಲೇ ಕೂರುತ್ತಿದ್ದಳು. ಹಂದನಕೆರೆ ಕಡೆಯ ತೋಟದ ಮನೆಗಳಲ್ಲಿ ನೆಟ್ ಸರಿಯಾಗಿ ಸಿಗದು. ಅವಳು ತರುವ ಹಳೆಯ ಸಿನಿಮಾಗಳಿಗೆ ಹೆಂಗಸರು ಕಾದಿರುತ್ತಿದ್ದರು.

ತಿಂಗಳ ಪ್ಲಾನಿನ ದರ ಗೊತ್ತುಮಾಡುವಾಗ ಇಬ್ಬರಿಗೂ ವಾದವಾಗಿತ್ತು. ಸಿನಿಮಾಕ್ಕೊಂದು, ಗೇಮಿಗೊಂದು ದರವಿರಲಿ ಎಂದು ಆಶಾ. ಹಗಲು ಮಗು ಆಡುತ್ತದೆ, ಸಂಜೆ ಅಜ್ಜಿ ನೋಡುತ್ತಾರೆ, ಇರುವುದೊಂದೇ ಟಿವಿ, ಒಂದೇ ಮನೆಯವರನ್ನು ಎರಡು ಸಲ ಯಾಕೆ ಕೇಳಬೇಕು ಎಂದು ವನಜಾಕ್ಷಿ. ಕಡೆಗೆ ಎಲ್ಲ ಸೇರಿ ಇನ್ನೂರು ರೂಪಾಯಿ, ಮಕ್ಕಳ ಪರೀಕ್ಷೆಯ ತಿಂಗಳು ಬೇಡವೆಂದವರು ಕೊಡಬೇಕಾಗಿಲ್ಲ ಎಂದಾಯಿತು. ಅದು ಜನಕ್ಕೆ ಹಿಡಿಸಿತು.

ಕಳೆದ ವರ್ಷ ಆಶಾ ಹೊಸ ಸುದ್ದಿ ತಂದಳು. ಹೊರಗಿನ ಕಂಪನಿಯೊಂದು ಹೊಸ ಗೇಮುಗಳನ್ನು ಕೊಡುತ್ತದಂತೆ. ಗಿರಾಕಿಗಳು ಫೋನಿನಲ್ಲಿ ಒಮ್ಮೆ ಒಪ್ಪಿಗೆ ಒತ್ತಿದರೆ ಬಾಡಿಗೆ ಪ್ರತಿ ತಿಂಗಳು ಬ್ಯಾಂಕ್ ಖಾತೆಯಿಂದ ತಾನೇ ಕಟ್ಟಾಗುತ್ತದಂತೆ, ಮೊದಲ ತಿಂಗಳು ಪುಕ್ಕಟೆಯಂತೆ. ಆಮೇಲಿನ ದರ ಎಷ್ಟೆಂದು ವನಜಾಕ್ಷಿ ಕೇಳಿದಳು. ಈಗಿರುವುದೇ ಎಂದಳು ಆಶಾ. ಒಪ್ಪಿಗೆ ಒತ್ತುವಾಗ ಫೋನಿನಲ್ಲಿ ದೊಡ್ಡ ಮೊತ್ತ ಕಾಣುತ್ತದಲ್ಲ ಎಂದಾಗ, ಅದು ಬ್ಯಾಂಕಿನವರು ತೋರಿಸುವ ಮಿತಿ, ಅಷ್ಟೆಲ್ಲ ಕಟ್ಟಾಗುವುದಿಲ್ಲ ಎಂದಳು. ವನಜಾಕ್ಷಿ ಮತ್ತೆ ಕೇಳಲಿಲ್ಲ. ಅದೇ ಮಾತನ್ನು ಮನೆಮನೆಗೂ ಹೇಳಿ, ಎಲ್ಲರಿಂದಲೂ ಒತ್ತಿಸಿದಳು.

ಎರಡನೆಯ ತಿಂಗಳು ಹಂದನಕೆರೆಯ ಶಿವರುದ್ರಮ್ಮನವರ ಮನೆಗೆ ಡಿಸ್ಕು ಬದಲಿಸಲು ಹೋದರೆ, ಅಂಗಳದಲ್ಲಿ ಕೊಬ್ಬರಿ ಆರಿಸುತ್ತಿದ್ದ ಆಕೆ ತಲೆಯೆತ್ತಲಿಲ್ಲ. ಖಾತೆಯಿಂದ ಆರುನೂರು ರೂಪಾಯಿ ಹೋಗಿತ್ತು. ವನಜಾಕ್ಷಿ ಕಂಪನಿಯ ತಪ್ಪಿರಬೇಕು ಎಂದು ತಡವರಿಸಿದಳು.

"ಕಂಪ್ನಿ ಯಾವ್ದೋ ನಂಗೊತ್ತಿಲ್ಲ ಕಣವ್ವ. ನಾನು ಒತ್ತಿದ್ದು ನಿನ್ನ ಮಾತಿಗೆ," ಎಂದರು ಶಿವರುದ್ರಮ್ಮ.

ಅವಳು ನೇರ ಅಂಗಡಿಗೆ ಬಂದಳು. ಆಶಾ ಅಲ್ಲಗಳೆಯಲಿಲ್ಲ. ಆರುನೂರೆಂದು ಮೊದಲಿನಿಂದಲೂ ಗೊತ್ತಿತ್ತು, ಒತ್ತಿಸಿದ ಪ್ರತಿ ಗಿರಾಕಿಗೂ ಕಂಪನಿ ಕಮಿಷನ್ ಕೊಟ್ಟಿದೆ, ಇನ್ನೂರರಲ್ಲಿ ಅಂಗಡಿ ಎಷ್ಟು ದಿನ ನಡೆದೀತು ಎಂದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಮುಖದಲ್ಲೇ ಗೊತ್ತಾಗೋದು ಕಣೇ. ಆಗ ಒಬ್ರೂ ಒತ್ತುತ್ತಿರ್ಲಿಲ್ಲ."

ಆಶಾ ಅದನ್ನು ಹೊಗಳಿಕೆಯಂತೆ ಹೇಳಿದಳು. ದುಡ್ಡಿನ ಆಸೆ ವನಜಾಕ್ಷಿಗೆ ಅರ್ಥವಾಗದ್ದೇನಲ್ಲ. ಆದರೆ ತನ್ನನ್ನು ಇಷ್ಟು ಚೆನ್ನಾಗಿ ಬಲ್ಲವಳು, ಆ ಬಲ್ಲದ್ದನ್ನೇ ತನ್ನ ಮೇಲೆ ಬಳಸಿದಳಲ್ಲ ಎಂಬುದನ್ನು ಅವಳಿಂದ ಒಪ್ಪಿಕೊಳ್ಳಲಾಗಲಿಲ್ಲ.

ಮರುದಿನದಿಂದ ಮನೆಮನೆಗೆ ಹೋಗಿ ಒಪ್ಪಿಗೆ ರದ್ದು ಮಾಡಿಸತೊಡಗಿದಳು. ಗಂಡ ಮೈಲಾರಿ ತೋಟದ ಕೆಲಸ ಬಿಟ್ಟು ಜೊತೆಗೆ ಬಂದ. ದರ ತನಗೂ ಗೊತ್ತಿರಲಿಲ್ಲ ಎಂದು ವನಜಾಕ್ಷಿ ಹೇಳಿದರೆ ಕೆಲವರು ನಂಬಿದರು. ಕೆಲವರು, ನಿನ್ನ ಕೈಗೆ ಇನ್ನೊಂದು ಸಲ ಫೋನ್ ಕೊಡುವುದಿಲ್ಲ ಎಂದು ಬಾಗಿಲಲ್ಲೇ ಹೇಳಿಬಿಟ್ಟರು. ಶಿವರುದ್ರಮ್ಮ ಕೊಟ್ಟರು, ಆದರೆ ಮುಗಿಯುವ ತನಕ ಪಕ್ಕದಲ್ಲೇ ನಿಂತು ಅವಳ ಬೆರಳನ್ನೇ ನೋಡುತ್ತಿದ್ದರು.

ಅಂಗಡಿ ಈಗ ಆಶಾ ಒಬ್ಬಳದೇ. ವನಜಾಕ್ಷಿ ತಿಪಟೂರಿನ ಹಳೆಯ ಕೆಲಸಕ್ಕೆ ದಿನವೂ ಹೋಗಿಬರುತ್ತಾಳೆ. ಮೊನ್ನೆ ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಹತ್ತಿದರೆ ಆಶಾ ಕೂತಿದ್ದಳು. ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು, ಬಾ ಕೂತುಕೋ ಎಂದಳು, ಏನೂ ಆಗಿಯೇ ಇಲ್ಲವೆಂಬಂತೆ. ವನಜಾಕ್ಷಿ ಮುಂದೆ ಹೋಗಿ ಕಂಬಿ ಹಿಡಿದು, ತಿಪಟೂರು ಬರುವ ತನಕ ನಿಂತೇ ಇದ್ದಳು.