ಬಿಂದಿಗೆಯ ಮೇಲಿನ ಹೆಸರು

ಒಂದು ಘನ ಮೀಟರ್ ಎಂದರೆ ಎಷ್ಟು ಎಂದು ಹೈಸ್ಕೂಲಿನಲ್ಲಿ ಓದಿದ್ದೆ. ಅರ್ಥವಾದದ್ದು ಮಾತ್ರ ಹುಣಸೂರಿನ ನಮ್ಮ ಬಾಡಿಗೆ ಮನೆಯಲ್ಲಿ, ನನ್ನ ಗಂಡ ಎಲ್ಲಿಂದಲೋ ಸೀಮೆಸುಣ್ಣ ತಂದು ನಡುಮನೆಯ ನೆಲದ ಮೇಲೆ ಚೌಕ ಎಳೆದಾಗ. ಆ ಚೌಕದ ಮೇಲೆ ಸೊಂಟದೆತ್ತರದವರೆಗೆ ಏನು ಹಿಡಿಯುತ್ತದೋ ಅದು ಹಡಗಿಗೆ. ಹಿಡಿಯದ್ದು ಯಾರ ಮನೆಗಾದರೂ ಸರಿ, ಗುಜರಿಗಾದರೂ ಸರಿ. ನಾನು ಹುಣಸೂರಿನದೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದೆ. ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಎರಡು ಸಲ ಡುಮ್ಕಿ ಹೊಡೆದು, ಕೊನೆಗೂ ನ್ಯೂಜಿಲೆಂಡಿನಲ್ಲಿ ಕೆಲಸ ಸಿಕ್ಕಿತ್ತು. ಗಂಡ ಹೆಂಡತಿ ಇಬ್ಬರೂ ಹೊರಟಿದ್ದೆವು.

ಚೌಕ ಎಳೆದ ದಿನದಿಂದ ಮನೆಯಲ್ಲಿ ಜಗಳ. ಚಳಿ ದೇಶ ಎಂದು ಗುರುಪುರದ ಟಿಬೆಟ್ ಕ್ಯಾಂಪಿನಿಂದ ನಾನು ತಂದ ರಗ್ಗುಗಳೇ ಕಾಲು ಭಾಗ ನುಂಗಿದ್ದವು. ಗಂಡನಿಗೆ ಸಾಲಿಗ್ರಾಮದಲ್ಲಿರುವ ಅವನ ತಾಯಿ ಕೊಟ್ಟ ಮುದ್ದೆ ಕೋಲು ಬರಲೇಬೇಕು. ಮರದ ಸಾಮಾನನ್ನು ಆ ದೇಶದಲ್ಲಿ ಬಿಚ್ಚಿ ನೋಡುತ್ತಾರೆ, ಹುಳ ಕಂಡರೆ ಸುಡುತ್ತಾರೆ, ಯಾವುದಾದರೂ ಸೌಟಿನಲ್ಲಿ ತಿರುವಿದರಾಯಿತು ಎಂದೆ. "ಸೌಟಲ್ಲಿ ತಿರುವಿದ್ರೆ ಅಂಟಾಯ್ತದೆ ಕಣೇ, ಮುದ್ದೆ ಆಗಲ್ಲ" ಎಂದು ಅವನು ಕೋಲನ್ನು ರಗ್ಗಿನೊಳಗೆ ಸುತ್ತಿಟ್ಟ. ಅವನ ಆಯ್ಕೆಗಳೆಲ್ಲ ಹೀಗೇ ನೇರ. ಏನು ಬೇಕೋ ಅದು ಬೇಕು, ಅಷ್ಟೆ. ನನ್ನದು ಹಾಗಲ್ಲ. ಪ್ರತಿಯೊಂದು ಸಾಮಾನು ಎತ್ತಿಕೊಂಡಾಗಲೂ ಅಲ್ಲಿನವರು ಇದನ್ನು ನೋಡಿ ಏನಂದುಕೊಳ್ಳುತ್ತಾರೆ ಎನ್ನುವುದೇ ನನ್ನ ತಲೆಯಲ್ಲಿ.

ಸಾಮಾನಿನ ಪಟ್ಟಿ ಮಾಡಲು ಮೈಸೂರಿನಿಂದ ಪ್ಯಾಕಿಂಗ್ ಕಂಪನಿಯವನೊಬ್ಬ ಬಂದ. ಇಸ್ತ್ರಿ ಅಂಗಿ, ಕೊರಳಲ್ಲಿ ಕಾರ್ಡು. ಅಡುಗೆಮನೆಯಲ್ಲಿ ನಿಂತು ಒಂದು ತಟ್ಟೆ ಎತ್ತಿದ, ಲೋಟ ಎತ್ತಿದ, ಪಾತ್ರೆಯ ಮುಚ್ಚಳ ತಿರುಗಿಸಿ ನೋಡಿದ. ಒಂದೊಂದರ ಮೇಲೂ ಕೊರೆದಿದ್ದ ಹೆಸರನ್ನು ಜೋರಾಗಿ ಓದಿದ. "ಇದೇನ್ ಮೇಡಂ, ಒಂದ್ರ ಮೇಲೂ ನಿಮ್ಮ ಹೆಸರಿಲ್ಲ? ಊರವರ ಪಾತ್ರೆ ಎಲ್ಲಾ ನಿಮ್ಮನೇಲೇ ಇದ್ದಾವಲ್ಲ!" ಎಂದು ನಕ್ಕ. ಅವನು ತಮಾಷೆಗೆ ಅಂದದ್ದು. ನಾನೂ ಜೊತೆಗೆ ನಕ್ಕೆ, ನಕ್ಕು, ಸ್ಟೀಲ್ ಪಾತ್ರೆ ಯಾವುದೂ ಹೋಗುವುದಿಲ್ಲ ಬರೆದುಕೊಳ್ಳಬೇಡಿ ಎಂದೆ.

ನಮ್ಮ ಕಡೆಯ ಪದ್ಧತಿ ಅದು. ಮದುವೆಗೆ ಪಾತ್ರೆ ಕೊಡುವವರು ಹೆಸರು ಕೊರೆಸದೆ ಕೊಡುವುದಿಲ್ಲ. ಬಂದದ್ದನ್ನೆಲ್ಲ ಜಮಖಾನದ ಮೇಲೆ ಜೋಡಿಸಿ, ಓದು ಬಂದವರೊಬ್ಬರು ಒಂದೊಂದೇ ಎತ್ತಿ ಹಿಡಿದು ಹೆಸರು ಓದುತ್ತಾರೆ. ಕೊಟ್ಟವರಿಗೆ ಅದೊಂದು ಗಳಿಗೆ. ನನ್ನ ಮದುವೆಯಲ್ಲಿ ನನ್ನ ಸೋದರತ್ತೆ, ಅಪ್ಪನ ಅಕ್ಕ, ಕೊಟ್ಟ ಹಿತ್ತಾಳೆ ಬಿಂದಿಗೆಯ ಸರದಿ ಬಂದಾಗ ಓಲಗದವರು ಬಾರಿಸುತ್ತಿದ್ದರು, ಹೆಸರು ಯಾರಿಗೂ ಕೇಳಿಸಲಿಲ್ಲ. ಅತ್ತೆ ಎದ್ದು ನಿಂತು "ಓಲ್ಗ ನಿಲ್ಸ್ರಪ್ಪಾ, ಇನ್ನೊಂದ್ ಸಲ ಓದ್ಲಿ" ಎಂದಳು. ಚಪ್ಪರವೆಲ್ಲ ನಕ್ಕಿತು. ಓಲಗ ನಿಂತಿತು, ಇನ್ನೊಂದು ಸಲ ಓದಿದರು.

ಅತ್ತೆ ಪಿರಿಯಾಪಟ್ಟಣದ ಕಡೆಯವಳು. ಗಂಡ ಬಹಳ ಹಿಂದೆಯೇ ತೀರಿಕೊಂಡ, ಮಕ್ಕಳಿಲ್ಲ. ಹೊಗೆಸೊಪ್ಪಿನ ಗ್ರೇಡಿಂಗ್‌ಗೆ ಹೋಗುತ್ತಾಳೆ, ಎಂದರೆ ಬಿಸಿಗಾಳಿಯಲ್ಲಿ ಬೇಯಿಸಿದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವ ಕೆಲಸ. ಶೆಡ್ಡಿನಲ್ಲಿ ಎಂಟು ಹತ್ತು ಹೆಂಗಸರು ಕೂತಿದ್ದರೆ ಇವಳೇ ಯಜಮಾನಿ. ಒಂದು ಎಲೆ ಯಾವ ಗುಡ್ಡೆಗೆ ಸೇರಬೇಕು ಎಂದು ವಾದ ಬಂದರೆ ಇವಳು ಹೇಳಿದ್ದೇ ಕೊನೆ. ಆದರೆ ಓದು ಬರಹ ಬಾರದು. ಹೈಸ್ಕೂಲಿನ ಎರಡು ವರ್ಷ ನಾನು ಅವಳ ಮನೆಯಲ್ಲಿದ್ದುಕೊಂಡೇ ಓದಿದೆ. ಒಂದಿಡೀ ಸೀಸನ್ ಎಲೆ ಆರಿಸಿದ ಕೂಲಿಯಲ್ಲಿ ಆ ಬಿಂದಿಗೆ ತೆಗೆದಿದ್ದಳು. ಹೆಸರು ಕೊರೆಸಿದ ಜಾಗ ಅವಳಿಗೆ ಬಾಯಿಪಾಠ: ಕತ್ತಿನ ಕೆಳಗೆ, ಸೊಂಟದ ಮೇಲೆ ಹೊತ್ತಾಗ ಹೆಬ್ಬೆರಳು ಕೂರುವ ಕಡೆ. ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ಅಟ್ಟದಿಂದ ಇಳಿಸಿಕೊಂಡು ಅಲ್ಲಿ ಬೆರಳಾಡಿಸುತ್ತಿದ್ದಳು. "ನನ್ನೆಸ್ರು ಇರೋದು ಇದೊಂದ್ರ ಮ್ಯಾಲೇ ಕಣಮ್ಮಿ. ವೋಟರ್ ಕಾರ್ಡಲ್ಲಿರೋದು ಸರ್ಕಾರುದ್ದು" ಎನ್ನುತ್ತಿದ್ದಳು.

ಆ ಬಿಂದಿಗೆ ಅಟ್ಟದ ಮೇಲೆ ಹುಣಸೆಹಣ್ಣು ತುಂಬಿಕೊಂಡು ಕೂತಿತ್ತು. ಅದನ್ನು ಹಡಗಿಗೆ ಹಾಕುವ ಯೋಚನೆ ನನಗೆ ಪ್ರೀತಿಯಿಂದ ಬಂದದ್ದಲ್ಲ. ನನಗಿಂತ ಮೊದಲೇ ಅಲ್ಲಿಗೆ ಹೋಗಿದ್ದ ಕೇರಳದ ಗೆಳತಿಯೊಬ್ಬಳು ತನ್ನ ಹೊಸ ಮನೆಯ ಫೋಟೋ ಕಳಿಸಿದ್ದಳು. ಕಿಟಕಿಯ ಬಳಿ ಥಳಥಳ ಹೊಳೆಯುವ ಹಿತ್ತಾಳೆಯ ಉರುಳಿ, ಅವರ ಕಡೆಯ ಅಗಲ ಬಾಯಿಯ ಪಾತ್ರೆ, ಅದರ ತುಂಬ ನೀರು, ನೀರಿನ ಮೇಲೆ ಹೂ. ಅಲ್ಲಿನವರು ಇಂಥದ್ದಕ್ಕೆ ಪ್ರಾಣ ಬಿಡುತ್ತಾರೆ ಎಂದು ಬರೆದಿದ್ದಳು. ಹನ್ನೊಂದು ವರ್ಷ ಅಟ್ಟದಲ್ಲಿ ಕಪ್ಪಾಗಿದ್ದ ಬಿಂದಿಗೆಗೆ ನನ್ನ ಕಣ್ಣಲ್ಲಿ ಒಮ್ಮೆಲೇ ಬೆಲೆ ಬಂತು. ಹುಣಸೆಹಣ್ಣನ್ನು ಡಬ್ಬಕ್ಕೆ ಸುರಿದು, ಬಿಂದಿಗೆಯನ್ನು ಕೆಳಗಿಳಿಸಿ ತಿಕ್ಕಿದೆ. ತಿಕ್ಕಿದಷ್ಟೂ ಹೆಸರು ಎದ್ದು ಕಾಣತೊಡಗಿತು.

ಚುಕ್ಕಿ ಚುಕ್ಕಿಯಾಗಿ ಕೊರೆದ ಸೊಟ್ಟ ಅಕ್ಷರ. ಅತ್ತೆಯದು ಹಳ್ಳಿಯ ಹಳೇ ಹೆಸರು, ಈಗ ಯಾರೂ ಮಕ್ಕಳಿಗೆ ಇಡದ ಹೆಸರು. ಅದರ ಪಕ್ಕದಲ್ಲಿ ಊರು, ಊರಿನ ಕೆಳಗೆ "ಪ್ರೀತಿಯ ಕಾಣಿಕೆ." ಕಿಟಕಿಯ ಬಳಿ ಇಟ್ಟ ಶೋಪೀಸಿನ ಮೇಲೆ ಇಷ್ಟೆಲ್ಲ ಇದ್ದರೆ ಚೆನ್ನಾಗಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ದೇಶದಲ್ಲಿ ಕನ್ನಡ ಓದುವವರು ಯಾರಿದ್ದರು? ಯಾರೂ ಇಲ್ಲ. ನಾಚಿಕೆ ಇದ್ದದ್ದು ಓದುವವರದ್ದಲ್ಲ, ನನ್ನದೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗಿನ್ನೂ ಐಶ್ವರ್ಯ ಬಂದೂ ಇರಲಿಲ್ಲ, ವೀಸಾ ಒಂದು ಬಂದಿತ್ತು.

ಸೋಮವಾರ ಬಜಾರಿನ ಪಾತ್ರೆ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯ ಹಿಂದೆ ಪಾಲೀಷ್ ಚಕ್ರವಿದೆ. ಹೆಸರು ತೆಗೆಯಿರಿ ಎಂದಾಗ ಅಂಗಡಿಯವನು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದ. ಕೊಟ್ಟವರ ಹೆಸರು ತೆಗೆಸಬಾರದು ಮೇಡಂ ಎಂದ. ಪರವಾಗಿಲ್ಲ ಎಂದೆ. ಅವನು ಉಜ್ಜಿ ತಂದುಕೊಟ್ಟಾಗ ಬಿಸಿಲಿಗೆ ಹಿಡಿದು ನೋಡಿದೆ, ಮೊದಲಕ್ಷರ ಇನ್ನೂ ಮಸುಕಾಗಿ ಉಳಿದಿತ್ತು. ಇನ್ನೊಂದು ಸುತ್ತು ಹಾಕಿ ಎಂದೆ.

ಬುಧವಾರ ಅತ್ತೆ ಫೋನ್ ಮಾಡಿದಳು. ಹೊರಡುವ ಮೊದಲು ಒಂದು ಸಲವೂ ಬಂದು ಮುಖ ತೋರಿಸಲಿಲ್ಲ ಎಂದು ಬೈಯುತ್ತಿದ್ದಳು. ಬೈಗುಳ ನಿಲ್ಲಿಸಲು ನನ್ನ ಬಾಯಿಗೆ ಸಿಕ್ಕಿದ್ದು ಆ ಬಿಂದಿಗೆಯೇ. ನಿನ್ನ ಬಿಂದಿಗೆ ತಗೊಂಡು ಹೋಗ್ತಾ ಇದ್ದೀನಿ ಕಣತ್ತೆ ಎಂದುಬಿಟ್ಟೆ.

"ನನ್ ಬಿಂದ್ಗೆನಾ? ಅಡಗಲ್ಲಾ?"

"ಹೂಂ, ಹಡಗಲ್ಲೇ."

"ಎಸ್ರು ಕಾಣಂಗೆ ಇಡಮ್ಮಿ ಮತ್ತೆ. ಗೋಡೆ ಕಡೀಕ್ ತಿರುಗ್ಸಿ ಇಟ್ಬುಟ್ಟೀಯ!"

ಆಗಲೇ ಹೇಳಬಹುದಿತ್ತು. ಹೂಂ ಎಂದೆ.

ಭಾನುವಾರ ಬೆಳಿಗ್ಗೆ ಅವಳು ಬಸ್ಸಿಳಿದು ಬಂದೇಬಿಟ್ಟಳು. ಒಬ್ಬಳೇ ಅಲ್ಲ, ಶೆಡ್ಡಿನಲ್ಲಿ ಜೊತೆ ಕೂರುವ ಇಬ್ಬರು ಹೆಂಗಸರನ್ನೂ ಕರೆದುಕೊಂಡು. ಹಡಗು ಹತ್ತುವ ಬಿಂದಿಗೆಯನ್ನು ತೋರಿಸುತ್ತೇನೆ ಎಂದು ಅವರ ಒಂದು ದಿನದ ಕೂಲಿ ಬಿಡಿಸಿದ್ದಳು. ಮೂವರೂ ಒಳ್ಳೆಯ ಸೀರೆ ಉಟ್ಟಿದ್ದರು. ಮಾರನೆಯ ದಿನ ಪ್ಯಾಕಿಂಗಿನವರು ಬರುವುದಿತ್ತು, ಬಿಂದಿಗೆ ಚೌಕದ ಮೇಲೆ ಎಲ್ಲಕ್ಕಿಂತ ಮುಂದೆ ಹೊಳೆಯುತ್ತ ಕೂತಿತ್ತು. "ನೋಡ್ರೇ, ಎಂಗ್ ಮಡಗವ್ಳೆ!" ಎಂದು ಅತ್ತೆ ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು. ಹೆಬ್ಬೆರಳು ತಾನಾಗಿಯೇ ಕತ್ತಿನ ಕೆಳಗೆ ಹೋಯಿತು.

ಒಂದು ಸಲ ಸವರಿದಳು. ಬಿಂದಿಗೆಯನ್ನು ಸ್ವಲ್ಪ ತಿರುಗಿಸಿ ಇನ್ನೊಂದು ಸಲ ಸವರಿದಳು. "ಇಲ್ಲಿ ತಗ್ಗಾಗೈತೆ" ಎಂದಳು. ಜೊತೆಯವರು ಎಲ್ಲಕ್ಕ, ಎಲ್ಲಿ ಎಸ್ರು ಎಂದು ಬಗ್ಗಿ ಹುಡುಕತೊಡಗಿದರು. ನನ್ನ ಗಂಡ ನನ್ನ ಮುಖ ನೋಡಿದ. ಅವನಿಗೂ ನಾನು ಹೇಳಿರಲಿಲ್ಲ.

"ಪಾಲೀಷ್‌ಗೆ ಕೊಟ್ಟಿದ್ದೆ ಅತ್ತೆ. ಅಂಗಡಿಯವ್ನು ತಪ್ಪಿ ಉಜ್ಬುಟ್ಟವ್ನೆ."

ಅಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ. ಎರಡು ವರ್ಷ ಅವಳ ಅನ್ನ ತಿಂದಿದ್ದರೂ ಅವಳ ಸ್ವಭಾವ ಮರೆತಿದ್ದೆ. ಎಲೆ ತಪ್ಪು ಗುಡ್ಡೆಗೆ ಬಿದ್ದರೆ ಮಾಲೀಕನನ್ನೇ ನಿಲ್ಲಿಸಿ ಕೇಳುವವಳು. "ಯಾವನ್ಲಾ ಅವ್ನು? ನಡಿ, ತೋರ್ಸು" ಎಂದು ಬಿಂದಿಗೆ ಹೊತ್ತುಕೊಂಡೇ ಬೀದಿಗಿಳಿದಳು. ಭಾನುವಾರ ಅಂಗಡಿ ಇರುವುದಿಲ್ಲ ಎಂದೆ. ಇತ್ತು. ಮುಂದೆ ಅತ್ತೆ, ಹಿಂದೆ ಆ ಇಬ್ಬರು ಹೆಂಗಸರು, ಅವರ ಹಿಂದೆ ನಾನು. ಬಜಾರಿನಲ್ಲಿ ನನ್ನ ಆಸ್ಪತ್ರೆಗೆ ಬರುತ್ತಿದ್ದವರು ಇಬ್ಬರು ಮೂವರು ನಮಸ್ಕಾರ ಹೇಳಿದರು. ಅಂಗಡಿ ಹತ್ತಿರವಾದಂತೆ ನನ್ನ ನಡಿಗೆ ನಿಧಾನವಾಯಿತು.

ಅತ್ತೆ ಬಿಂದಿಗೆಯನ್ನು ಅವನ ಗಲ್ಲಾದ ಮೇಲೆ ಇಟ್ಟು ಚೆನ್ನಾಗಿ ಉಗಿದಳು. ಕಣ್ಣು ಕಾಣಲ್ವಾ, ಕೊಟ್ಟೋರ ಎಸ್ರು ಉಜ್ಜಾಕೆ ನಿಂಗೇನ್ ಬಂದಿತ್ತು ಎಂದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವನ್ಯಾಕೆ ನನ್ನ ತಪ್ಪು ಹೊರಬೇಕು?

"ನಾನ್ಯಾಕಮ್ಮ ಉಜ್ಜಲಿ? ಬೇಡಿ ಮೇಡಂ ಅಂದೆ. ಇವ್ರೇ ನಿಂತ್ಕೊಂಡು ತೆಗೆಸಿದ್ರು. ಇನ್ನೂ ಕಾಣ್ತದೆ, ಇನ್ನೊಂದು ಸುತ್ತು ಹಾಕಿ ಅಂದ್ರು."

ನಾನು ವಾರ್ಡಿನಲ್ಲಿ ಎಷ್ಟೋ ಜನರಿಗೆ ಎಂತೆಂಥ ಸುದ್ದಿ ಹೇಳಿದ್ದೇನೆ, ಹೇಳುವಾಗ ಅವರ ಮುಖ ನೋಡಿದ್ದೇನೆ. ಅತ್ತೆಯ ಮುಖ ನೋಡಲಾಗಲಿಲ್ಲ, ಅವಳ ಕೈ ನೋಡಿದೆ. ಹೊಗೆಸೊಪ್ಪಿನ ಅಂಟು ಹಿಡಿದು ಉಗುರಿನ ಸುತ್ತ ಕಪ್ಪಾದ ಕೈ ಬಿಂದಿಗೆಯ ಮೇಲೆಯೇ ಇತ್ತು. ಜೊತೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಳೆಯಿಂದ ಶೆಡ್ಡಿನಲ್ಲಿ ಏನು ಮಾತಾಗಬಹುದು ಎನ್ನುವುದು ಅತ್ತೆಗೂ ಗೊತ್ತು, ನನಗೂ ಗೊತ್ತು.

"ಊಂ ಕಣಪ್ಪ" ಎಂದಳು ಅತ್ತೆ. "ನಾನೇ ಏಳಿದ್ದೆ. ವಯಸ್ಸಾಯ್ತಲ್ಲ, ಮರ್ತೋಗಿತ್ತು. ಅಡಗಲ್ಲೋಗೋ ಸಾಮಾನ್ ಮ್ಯಾಲೆ ಬ್ಯಾರೆಯೋರ ಎಸ್ರು ಇದ್ರೆ ಇಡ್ಕತ್ತಾರಂತೆ, ತೆಗ್ಸಮ್ಮಿ ಅಂತ ಪೋನಲ್ಲಿ ನಾನೇ ಅಂದಿದ್ದೆ."

ಅಷ್ಟು ಒಳ್ಳೆಯ ಸುಳ್ಳು ನನಗೆ ಹೊಳೆದಿರಲಿಲ್ಲ. ಹೆಂಗಸರು ಹೌದಾ ಅಕ್ಕ, ಅಂಗೂ ಐತಾ ಎಂದು ಸಮಾಧಾನವಾದರು. ಅಂಗಡಿಯವನಿಗೆ ಪಾಪ ಎನಿಸಿರಬೇಕು, ಎರಡು ನಿಮಿಷದ ಕೆಲಸ, ಈಗಲೇ ಮತ್ತೆ ಬರೆದುಕೊಡುತ್ತೇನೆ ಎಂದು ಕೊರೆಯುವ ಮಿಷನ್ನು ಕೈಗೆ ತೆಗೆದುಕೊಂಡ. ಬರೆಯಿರಿ, ಬರೆಯಿರಿ ಎಂದು ನಾನು ಮುಂದೆ ನುಗ್ಗಿದೆ. "ಬ್ಯಾಡ ಬುಡು" ಎಂದಳು ಅತ್ತೆ. ತೆಗೆಸು ಎಂದವಳು ತಾನೇ ಎಂದುಬಿಟ್ಟ ಮೇಲೆ ಅವಳು ಮತ್ತೆ ಹೇಗೆ ಬರೆಸಿಯಾಳು? ನನ್ನ ಮಾನ ಮುಚ್ಚಲು ಆಡಿದ ಮಾತು ಅವಳ ಹೆಸರನ್ನು ಪೂರ್ತಿ ಅಳಿಸಿತು. ಆಗಲಾದರೂ ನಾನು ಬಾಯಿ ಬಿಟ್ಟು, ಇಲ್ಲ, ಅವಳು ಹೇಳಲಿಲ್ಲ, ತೆಗೆಸಿದವಳು ನಾನು ಎನ್ನಬಹುದಿತ್ತು. ಬಾಯಿ ಬಿಡಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಜೊತೆಯವರು ಸೀಟು ಹಿಡಿಯಲು ಮೊದಲು ಹತ್ತಿದರು. ಅತ್ತೆ ಬಾಗಿಲ ಹತ್ತಿರ ನಿಂತು ಬಿಂದಿಗೆಯನ್ನು ನನ್ನ ಸೊಂಟಕ್ಕೆ ದಾಟಿಸಿದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅಲ್ಲಿ ಯಾರಾರ ಇದ್ಯಾರ್ ಕೊಟ್ಟಿದ್ದು ಅಂತ ಕೇಳಿದ್ರೆ, ಬಾಯಲ್ಲಾರ ನನ್ನೆಸ್ರು ಏಳಮ್ಮಿ" ಎಂದಳು. ಹೇಳ್ತೀನಿ ಅತ್ತೆ ಎಂದೆ. ಆಣೆಯನ್ನೂ ಮಾಡಿದೆ, ಅವಳು ಕೇಳದಿದ್ದರೂ.

ಪೆಟ್ಟಿಗೆಗಳು ಬಂದು ಸೇರುವಷ್ಟರಲ್ಲಿ ನಾವು ಅಲ್ಲಿ ಮೂರು ತಿಂಗಳು ಕಳೆದಿದ್ದೆವು. ಮುದ್ದೆ ಕೋಲನ್ನು ತೆಗೆದು ನೋಡಿ, ವಾಪಸ್ ಇಟ್ಟು, ಮೇಲೊಂದು ಚೀಟಿ ಅಂಟಿಸಿದ್ದರು. ಬಿಂದಿಗೆ ಒಂದು ಗೀರೂ ಇಲ್ಲದೆ ಬಂದಿತ್ತು, ಕಿಟಕಿಯ ಬಳಿ ಇಟ್ಟೆ. ಮನೆಗೆ ಮೊದಲು ಬಂದ ಅತಿಥಿ ನನ್ನ ವಾರ್ಡಿನ ಹಿರಿಯ ನರ್ಸ್, ಅಲ್ಲಿಯದೇ ಹೆಂಗಸು. ಕೋಟು ಬಿಚ್ಚುವ ಮೊದಲೇ ಬಿಂದಿಗೆಯ ಹತ್ತಿರ ಹೋಗಿ, ಎಷ್ಟು ಸುಂದರ, ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಆ ಪ್ರಶ್ನೆ ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು ಇದು: ಆಂಟಿಕ್, ಮೈಸೂರಿನ ಒಂದು ಹಳೇ ಅಂಗಡಿಯಲ್ಲಿ ಕೊಂಡೆ. ಅದು ಅಂದೇ ಹುಟ್ಟಿದ ಮಾತಲ್ಲ. ಹುಣಸೂರಿನಲ್ಲಿ ಬಿಂದಿಗೆ ತಿಕ್ಕುವಾಗಲೇ ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ ಜೋಡಿಸಿ, ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದ ಮಾತು. ನನ್ನ ಗಂಡ ಟೀ ತರುತ್ತೇನೆ ಎಂದು ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ.

ಆ ವಾರವೇ ಒಂದು ದಿನ ಅತ್ತೆಗೆ ಫೋನ್ ಮಾಡಿದೆ. ನನಗೆ ಸಂಜೆ, ಅವಳಿಗೆ ಹಗಲು, ಶೆಡ್ಡಿನಲ್ಲಿದ್ದಳು. ಊಟ, ಚಳಿ, ಕೆಲಸ ಎಲ್ಲ ಕೇಳಿ ಮುಗಿಸಿ ನಿಧಾನವಾಗಿ ಕೇಳಿದಳು.

"ಬಿಂದ್ಗೆ ನೋಡಿ ಯಾರಾರ ಕೇಳಿದ್ರಾ?"

"ಕೇಳಿದ್ರು ಅತ್ತೆ."

"ಏಳ್ದಾ?"

"ಹೇಳ್ದೆ."

ಅವಳು ಫೋನನ್ನು ದೂರ ಹಿಡಿದು ಕೂಗಿದ್ದು ಕೇಳಿಸಿತು. "ಏಳವ್ಳಂತೆ ಕಣ್ರೇ! ಬಿಳೀ ಜನದ್ ಮುಂದೆ ನನ್ನೆಸ್ರು ಏಳವ್ಳಂತೆ!" ಹೆಂಗಸರೆಲ್ಲ ಒಟ್ಟಿಗೆ ಏನೇನೋ ಅಂದು ನಕ್ಕರು. ಆಮೇಲೆ ಅತ್ತೆ ಮತ್ತೆ ಫೋನಿಗೆ ಬಂದಳು, ದನಿ ತಗ್ಗಿಸಿ ಕೇಳಿದಳು.

"ಕೇಳಿ ಏನಂದ್ರಮ್ಮಿ ಅವ್ರು?"

ಒಳ್ಳೇ ಹೆಸರು ಅಂದ್ರು ಅತ್ತೆ ಎಂದೆ.